ಕೊಡಗಿನ ಮನೆಯಲ್ಲಿ ಡ್ಯಾಮ್ಸೆಲ್ ಮೀನು: ಉಪ್ಪುನೀರಿನ ಅಕ್ವೇರಿಯಂ ಕಟ್ಟುವ ಬಗೆ

ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಕಡಿಮೆ ಬೆಲೆಗೆ ಸಿಗುವುದು ಡ್ಯಾಮ್ಸೆಲ್. ಜೀವ ಗಟ್ಟಿ, ಊಟಕ್ಕೆ ತಕರಾರಿಲ್ಲ, ಬಣ್ಣವಂತೂ ಕಣ್ಣು ಸೆಳೆಯುತ್ತದೆ. ಹೊಸಬರು ಇದರಿಂದಲೇ ಶುರುಮಾಡಿ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಅರ್ಧ ಸತ್ಯ. ತನ್ನ ಜಾಗ ಗೊತ್ತುಮಾಡಿಕೊಂಡ ಡ್ಯಾಮ್ಸೆಲ್ ಅಲ್ಲಿಗೆ ಬಂದವರನ್ನೆಲ್ಲ ಅಟ್ಟುತ್ತದೆ, ಕಚ್ಚುತ್ತದೆ, ಚಿಕ್ಕ ಟ್ಯಾಂಕಿನಲ್ಲಾದರೆ ಕೊಂದೇ ಬಿಡುತ್ತದೆ. ವರ್ಷಗಟ್ಟಲೆ ಬದುಕುವ ಮೀನಾದ್ದರಿಂದ ತಪ್ಪು ಜಾತಿ ಆರಿಸಿದರೆ ಅದರ ಜೊತೆ ಬಹಳ ಕಾಲ ಏಗಬೇಕು.

ಕೊಡಗಿನಲ್ಲಿ ಇದನ್ನು ಸಾಕುವವರಿಗೆ ಇನ್ನೂ ಮೂರು ತಲೆನೋವುಗಳಿವೆ: ಚಳಿ, ಮಳೆಗಾಲದ ಕರೆಂಟು, ತಾಮ್ರ. ಬೆಂಗಳೂರಿನವರಿಗೆ ಬರೆದ ಸಲಹೆಗಳಲ್ಲಿ ಇವುಗಳ ಮಾತೇ ಇರುವುದಿಲ್ಲ.

ಮೊದಲು ಮೀನು ಗೊತ್ತುಮಾಡಿ, ಆಮೇಲೆ ಟ್ಯಾಂಕ್

ಡ್ಯಾಮ್ಸೆಲ್‌ಗಳು ಪೊಮಾಸೆಂಟ್ರಿಡೇ ಕುಟುಂಬದವು. ಸುಮಾರು 400 ಜಾತಿಗಳಿರುವ ಈ ಕುಟುಂಬದಲ್ಲಿ ಕ್ಲೌನ್‌ಫಿಶ್ ಕೂಡ ಸೇರಿದೆ. ಅಂಗಡಿಯಲ್ಲಿ ಎಲ್ಲವೂ ಎರಡು-ಮೂರು ಸೆಂಟಿಮೀಟರ್ ಮರಿಗಳೇ ಆಗಿರುವುದರಿಂದ ಒಂದೇ ತರಹ ಕಾಣುತ್ತವೆ. ಬೆಳೆದ ಮೇಲೆ ಗುಣ ಬೇರೆ, ಗಾತ್ರ ಬೇರೆ.

ಹಳದಿ ಬಾಲದ ನೀಲಿ ಡ್ಯಾಮ್ಸೆಲ್ (ಕ್ರೈಸಿಪ್ಟೆರಾ ಪ್ಯಾರಾಸೆಮಾ) 7 ಸೆಂ.ಮೀ. ದಾಟುವುದಿಲ್ಲ. ಕುಟುಂಬದಲ್ಲೇ ಸಾಧು ಎನ್ನಬಹುದಾದ ಮೀನು. ಮೊದಲ ಟ್ಯಾಂಕಿಗೆ ನಮ್ಮ ಶಿಫಾರಸು ಇದೇ. ನೀಲಿ ಡೆವಿಲ್ (ಕ್ರೈಸಿಪ್ಟೆರಾ ಸಯಾನಿಯಾ) ಅದಕ್ಕಿಂತ ಸ್ವಲ್ಪವೇ ದೊಡ್ಡದು, ಆದರೆ ಹೆಸರಿಗೆ ತಕ್ಕ ಮೀನು. ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆಯ ಡಾಮಿನೊ (ಡ್ಯಾಸಿಲಸ್ ಟ್ರೈಮ್ಯಾಕುಲೇಟಸ್) ಮರಿಯಾಗಿದ್ದಾಗ ಮುದ್ದು. 14 ಸೆಂ.ಮೀ.ವರೆಗೆ ಬೆಳೆಯುತ್ತದೆ, ಬೆಳೆಯುತ್ತ ಚುಕ್ಕೆ ಮಾಸುತ್ತದೆ, ಕೊನೆಗೆ ಉಳಿಯುವುದು ಸಿಡುಕಿನ ಕಪ್ಪು ಮೀನು. ಪಟ್ಟೆಯ ಹಂಬಗ್ (ಡ್ಯಾಸಿಲಸ್ ಅರುವಾನಸ್) 10 ಸೆಂ.ಮೀ. ಆಗುತ್ತದೆ, ಸ್ವಭಾವ ಡಾಮಿನೊದ್ದೇ. ಸಾರ್ಜೆಂಟ್ ಮೇಜರ್ ಎಂಬ ಡ್ಯಾಮ್ಸೆಲ್ ಮನೆಯ ಟ್ಯಾಂಕಿಗೆ ಬೇಡವೇ ಬೇಡ.

ಹಸಿರು ಕ್ರೋಮಿಸ್ (ಕ್ರೋಮಿಸ್ ವಿರಿಡಿಸ್) ಬೇರೆ ಜಾತಿಯ ಮೀನುಗಳಿಗೆ ತೊಂದರೆ ಕೊಡುವುದಿಲ್ಲ. ಗುಂಪಿನಲ್ಲಿ ತಂದರೆ ಚೆಂದ ಎಂದು ಆರೇಳು ತರುತ್ತಾರೆ. ಚಿಕ್ಕ ಟ್ಯಾಂಕಿನಲ್ಲಿ ಅವು ತಮ್ಮತಮ್ಮಲ್ಲೇ ಮೇಲು-ಕೀಳು ಹೂಡಿ, ಕೆಳಗಿನದನ್ನು ಒಂದೊಂದಾಗಿ ಸವೆಸಿ, ಕೆಲವು ತಿಂಗಳಲ್ಲಿ ಒಂದೋ ಎರಡೋ ಉಳಿಯುವುದೇ ಹೆಚ್ಚು.

ಮೂರು ಅಡಿ ಟ್ಯಾಂಕಿಗೆ ಒಳ್ಳೆಯ ಜೋಡಣೆ ಎಂದರೆ ಒಂದು ಜೊತೆ ಒಸೆಲ್ಲಾರಿಸ್ ಕ್ಲೌನ್‌ಫಿಶ್, ಒಂದು ಗೋಬಿ (ತಳದಲ್ಲಿರುವ ಸಣ್ಣ ಮೀನು), ಒಂದೇ ಒಂದು ಹಳದಿ ಬಾಲದ ಡ್ಯಾಮ್ಸೆಲ್. ಡ್ಯಾಮ್ಸೆಲ್‌ಗಳೇ ಬೇಕು ಎನ್ನುವವರು ನಾಲ್ಕೈದು ಅಡಿಯ ಟ್ಯಾಂಕ್ ಮಾಡಿ, ಒಂದೇ ಅಳತೆಯ ಮರಿಗಳನ್ನು ಒಂದೇ ದಿನ ಬಿಡಬೇಕು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವು ಡ್ಯಾಮ್ಸೆಲ್ ಮತ್ತು ಕ್ಲೌನ್ ಜಾತಿಗಳನ್ನು ಹ್ಯಾಚರಿಯಲ್ಲಿ ಮರಿಮಾಡುವ ವಿಧಾನ ರೂಪಿಸಿದ್ದಾರೆ. ಹ್ಯಾಚರಿ ಮರಿ ಸಿಕ್ಕರೆ ಅದನ್ನೇ ತನ್ನಿ. ತೊಟ್ಟಿಯ ನೀರು, ಪೆಲೆಟ್ ಎರಡೂ ಅದಕ್ಕೆ ಅಭ್ಯಾಸವಾಗಿರುತ್ತದೆ.

ಟ್ಯಾಂಕ್ ಮತ್ತು ಜಾಗ

3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿ.ಮೀ. ಗಾಜು. ಲೆಕ್ಕಕ್ಕೆ 190 ಲೀಟರ್; ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 155 ಲೀಟರ್ ಹತ್ತಿರ. ಇದಕ್ಕಿಂತ ಚಿಕ್ಕದರಲ್ಲಿ ಡ್ಯಾಮ್ಸೆಲ್ ಅಟ್ಟಿದ ಮೀನಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಸ್ಟ್ಯಾಂಡ್ ಸೇರಿ ತೂಕ 250 ಕಿಲೋ ದಾಟುತ್ತದೆ. ಹಳೆಯ ಮನೆಗಳ ಮರದ ಹಲಗೆಯ ಮಹಡಿ ಮೇಲೆ ಇಡಬೇಡಿ. ಕೆಳಗಿನ ನೆಲದಲ್ಲಿ, ಒಳಗೋಡೆಗೆ ಒತ್ತಿ ಇಡಿ. ಹೊರಗೋಡೆ ಮಳೆಗಾಲವಿಡೀ ತಣ್ಣಗೆ, ಒದ್ದೆಯಾಗಿರುತ್ತದೆ. ಸಾದಾ ಪ್ಲೈವುಡ್ ಸ್ಟ್ಯಾಂಡ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಬ್ಬುತ್ತದೆ. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ವೆಲ್ಡಿಂಗ್ ಮೂಲೆಗಳಿಗೆ ಇನ್ನೊಂದು ಕೋಟ್ ಬಣ್ಣ ಹೊಡೆಸಿ. ಉಪ್ಪುನೀರಿನ ಹನಿ ಮೊದಲು ಹಿಡಿಯುವುದು ಅಲ್ಲೇ. ಮೇಲೆ ಮಟ್ಟಗೋಲು ಇಟ್ಟು ನೋಡಿ, ಗಾಜಿನಡಿ ಅರ್ಧ ಇಂಚಿನ ಥರ್ಮಾಕೋಲ್ ಹಾಕಿ.

ಪ್ಲಗ್‌ಪಾಯಿಂಟ್ ಟ್ಯಾಂಕಿಗಿಂತ ಎತ್ತರದಲ್ಲಿ, ಪಕ್ಕಕ್ಕಿರಲಿ. ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದಿರಬೇಕು, ಆಗ ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಲ್ಲಿ ಉಪ್ಪುನೀರಿನ ಟ್ಯಾಂಕ್ ನಡೆಸಬಾರದು. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಯೇ ನೀರು ತುಂಬಿ.

ನೀರು: ತಾಮ್ರದ ಮೇಲೆ ಕಣ್ಣಿರಲಿ

ಬಾವಿ, ಒರತೆಯ ನೀರು ಕೊಡಗಿನಲ್ಲಿ ಸಾಮಾನ್ಯವಾಗಿ ಮೆದು. ಟಿಡಿಎಸ್ ಮೀಟರ್ ಅದ್ದಿದರೆ ಸಣ್ಣ ಅಂಕಿ ಬರುತ್ತದೆ, ನೇರವಾಗಿ ಉಪ್ಪು ಕಲಸಬಹುದು ಅನ್ನಿಸುತ್ತದೆ. ಆದರೆ ಮೀಟರ್ ಒಟ್ಟು ಕರಗಿದ್ದನ್ನು ಹೇಳುತ್ತದೆಯೇ ಹೊರತು ಏನು ಕರಗಿದೆ ಎಂದು ಹೇಳುವುದಿಲ್ಲ.

ಮಳೆಗೆ ಮುಂಚೆ ಕಾಫಿ ಕೊಳೆರೋಗಕ್ಕೂ ಮೆಣಸಿನ ಬಳ್ಳಿಗೂ ಬೋರ್ಡೋ ಹೊಡೆಯುವುದು ಪದ್ಧತಿ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ತೋಟದ ನಡುವಿನ ಮನೆಯಲ್ಲಿ ಹಂಚಿನ ಮೇಲಿಂದ ಹಿಡಿದ ಮಳೆನೀರು, ತಗ್ಗಿನ ತೆರೆದ ಬಾವಿಯ ನೀರು ಎರಡರಲ್ಲೂ ಅದರ ಅಂಶ ಬರಬಹುದು. ಅಷ್ಟು ಸಣ್ಣ ಪ್ರಮಾಣಕ್ಕೆ ಡ್ಯಾಮ್ಸೆಲ್ ಜಗ್ಗದಿರಬಹುದು. ಪಾಚಿ ತಿನ್ನುವ ಬಸವನಹುಳು, ಸಿಗಡಿ, ಸನ್ಯಾಸಿ ಏಡಿ ಮಾತ್ರ ಉಳಿಯುವುದಿಲ್ಲ. ಕಲ್ಲಿಗೂ ಮರಳಿಗೂ ಒಮ್ಮೆ ಹತ್ತಿದ ತಾಮ್ರ ಬಹಳ ಕಾಲ ಬಿಡುವುದಿಲ್ಲ.

ಬಚ್ಚಲಿನ ತಾಮ್ರದ ಹಂಡೆಯ ನೀರನ್ನೂ ಟ್ಯಾಂಕಿಗೆ ಸುರಿಯಬೇಡಿ. ಅಡಿಗೆಮನೆಯ ಆರ್‌ಓ ಯಂತ್ರವನ್ನೂ ಒಮ್ಮೆ ನೋಡಿಕೊಳ್ಳಿ: ಆರೋಗ್ಯಕ್ಕೆಂದು ತಾಮ್ರ ಸೇರಿಸುವ ಕಾರ್ಟ್ರಿಜ್ ಇರುವ ಮಾದರಿಗಳು ಈಗ ಬೇಕಾದಷ್ಟಿವೆ. ಸ್ಪ್ರೇ ಕೆಲಸದಿಂದ ಬಂದವರು ಸೋಪಿನಿಂದ ತೊಳೆದು, ಮತ್ತೆ ಬರಿ ನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಟ್ಯಾಂಕಿಗೆ ಕೈಹಾಕಲಿ.

ಬೇಕಾದ್ದು ಕಾರ್ಬನ್ ಫಿಲ್ಟರ್, ಆರ್‌ಓ ಮೆಂಬ್ರೇನ್, ಕೊನೆಗೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿಯುವ ರಾಳದ ಹರಳು) ಇರುವ ಯಂತ್ರ. ಹೊರಬರುವ ನೀರಿನ ಟಿಡಿಎಸ್ 0 ಇರಬೇಕು. ಮೂಲದ ನೀರು ಮೆದುವಾಗಿರುವುದರಿಂದ ಇಲ್ಲಿ ರೆಸಿನ್ ಹೆಚ್ಚು ದಿನ ಬಾಳುತ್ತದೆ. ಕೊಳವೆಬಾವಿಯಲ್ಲಿ ಕಬ್ಬಿಣದ ಕೆಂಪು ಇದ್ದರೆ ಯಂತ್ರದ ಮೊದಲಿಗಿರುವ, ಕೆಸರು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಬೇಗಬೇಗ ಬದಲಿಸಿ; ಇಲ್ಲದಿದ್ದರೆ ಮೆಂಬ್ರೇನ್ ಕಟ್ಟುತ್ತದೆ.

ಘಟ್ಟ ಇಳಿದರೆ ಮಂಗಳೂರು, ಸಮುದ್ರದ ನೀರೇ ತಂದರಾಯಿತಲ್ಲ ಎಂಬ ಆಲೋಚನೆ ಎಲ್ಲರಿಗೂ ಬರುತ್ತದೆ. ನದಿ ಸೇರುವ ಕಡೆ ದಡದ ನೀರಿನ ಉಪ್ಪು ಮಳೆಗಾಲದಲ್ಲಿ ತೀರಾ ಇಳಿಯುತ್ತದೆ, ಪೇಟೆಯ ಕೊಳಕೂ ಸೇರಿರುತ್ತದೆ, ರೋಗದ ಜೀವಿಗಳೂ ಬರುತ್ತವೆ. ಪೆಟ್ರೋಲ್ ಖರ್ಚಿನಲ್ಲಿ ಉಪ್ಪಿನ ಬಕೆಟ್ಟೇ ಬರುತ್ತದೆ.

ಅಕ್ವೇರಿಯಂ ಉಪ್ಪು ಲೀಟರಿಗೆ ಸುಮಾರು 37 ಗ್ರಾಂ ಬೇಕು. 20 ಲೀಟರ್ ಬಕೆಟ್ಟಿಗೆ 740 ಗ್ರಾಂ. ಮೊದಲ ತುಂಬುವಿಕೆಗೆ 6 ಕಿಲೋ ಹತ್ತಿರ. ಅಡಿಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಸರಿಯಾದ ಪಾಲಿನಲ್ಲಿ ಅವುಗಳಲ್ಲಿರುವುದಿಲ್ಲ. ಯಾವಾಗಲೂ ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರಲ್ಲ. ಸಣ್ಣ ಪಂಪ್ ಇಟ್ಟು 24 ಗಂಟೆ ತಿರುಗಿಸಿ, 25 ಡಿಗ್ರಿಗೆ ತಂದು ಅಳೆಯಿರಿ. ಗುರಿ ಸಾಪೇಕ್ಷ ಸಾಂದ್ರತೆ 1.025ರಿಂದ 1.026, ಅಂದರೆ ಸಾವಿರಕ್ಕೆ 34–35 ಪಾಲು. ತೇಲುವ ಹೈಡ್ರೋಮೀಟರ್ ತಣ್ಣನೆ ನೀರಿನಲ್ಲಿ ತಪ್ಪು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ಉಪಕರಣ) ಕೊಳ್ಳಿ, 35 ಪಾಲಿನ ದ್ರಾವಣದಿಂದಲೇ ಅದರ ಅಳತೆ ಸರಿಮಾಡಿಕೊಳ್ಳಿ.

ಉಪ್ಪಿನ ಚೀಲವನ್ನು ಮೇ ತಿಂಗಳಲ್ಲೇ ತಂದು, ರಬ್ಬರ್ ಸುತ್ತಿರುವ ಮುಚ್ಚಳದ ಡ್ರಮ್ಮಿನಲ್ಲಿ ಬಿಗಿಯಾಗಿ ಮುಚ್ಚಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಗೆ ತೆರೆದಿಟ್ಟ ಉಪ್ಪು ತೇವ ಹೀರಿ ಗಡ್ಡೆಕಟ್ಟುತ್ತದೆ. ಗಡ್ಡೆಕಟ್ಟಿದ್ದು ಪೂರ್ತಿ ಕರಗುವುದಿಲ್ಲ, ಬಕೆಟ್ಟಿನ ತಳದಲ್ಲಿ ಬಿಳಿ ಪುಡಿ ಉಳಿದು ಕ್ಷಾರತೆ ಕಡಿಮೆ ಬರುತ್ತದೆ.

ಬಿಸಿ ಮತ್ತು ಗಾಳಿ

ನೀರು ವರ್ಷವಿಡೀ 25 ಡಿಗ್ರಿ ಹತ್ತಿರ ಇರಬೇಕು. ಡಿಸೆಂಬರ್-ಜನವರಿಯ ರಾತ್ರಿ ಮಡಿಕೇರಿಯ ಚಳಿ 12 ಡಿಗ್ರಿ ಆಸುಪಾಸಿಗೆ ಇಳಿಯುವುದರಿಂದ ಬಯಲುಸೀಮೆಯ ಲೆಕ್ಕದ 100 ವ್ಯಾಟ್ ಹೀಟರ್ ಇಲ್ಲಿ ಸಾಲದು. 300 ವ್ಯಾಟಿನದು ಒಂದು ಹಾಕುವುದಕ್ಕಿಂತ 150 ವ್ಯಾಟಿನವು ಎರಡು ಹಾಕಿ, ಒಂದನ್ನು 25ಕ್ಕೂ ಇನ್ನೊಂದನ್ನು 24.5ಕ್ಕೂ ಇಡಿ. ಹೀಟರ್ ಕೆಡುವುದು ಎರಡು ಬಗೆಯಲ್ಲಿ: ಸತ್ತುಹೋಗುತ್ತದೆ, ಇಲ್ಲವೇ ಆಫ್ ಆಗದೆ ಕಾಯುತ್ತಲೇ ಇರುತ್ತದೆ. ಎರಡಿದ್ದರೆ ಸತ್ತದ್ದರ ಕೆಲಸವನ್ನು ಇನ್ನೊಂದು ಮುಕ್ಕಾಲುಪಾಲು ಹೊರುತ್ತದೆ; ಆಫ್ ಆಗದೆ ಉಳಿದದ್ದು 150 ವ್ಯಾಟಿನದಾದರೆ ಮೀನು ಬೇಯುವ ಮೊದಲು ನಿಮ್ಮ ಗಮನಕ್ಕೆ ಬರುತ್ತದೆ. ಥರ್ಮಾಮೀಟರ್ ಬೇರೆಯೇ ಇರಲಿ, ಹೀಟರಿನ ಗುಂಡಿಯನ್ನು ನಂಬಬೇಡಿ. ಕುಶಾಲನಗರದ ಕಡೆ ಚಳಿ ಇಷ್ಟಿಲ್ಲ, ಆದರೂ ಎರಡು ಹೀಟರ್ ಮಾತು ಅಲ್ಲಿಗೂ ಅನ್ವಯ. ಕರಾವಳಿಯವರಿಗೆ ಬೇಕಾಗುವ, ನೀರು ತಣಿಸುವ ಚಿಲ್ಲರ್ ಯಂತ್ರದ ಖರ್ಚು ಮಾತ್ರ ನಮಗೆ ಉಳಿಯುತ್ತದೆ.

ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಉಪ್ಪುನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದೇ ನೀರು 5.9ಕ್ಕಿಂತ ಹೆಚ್ಚು ಹಿಡಿಯಲಾರದು. ಹಾಗಾಗಿ ಮೀನು ಕಡಿಮೆ, ಅಲೆ ಜಾಸ್ತಿ. ಗಂಟೆಗೆ 3,000–4,000 ಲೀಟರ್ ತಳ್ಳುವ ವೇವ್‌ಮೇಕರ್ ಒಂದನ್ನು ನೀರಿನ ಮೇಲ್ಮೈ ಕದಡುವಂತೆ ತಿರುಗಿಸಿಡಿ. ಪ್ರೋಟೀನ್ ಸ್ಕಿಮ್ಮರ್ ಕೊಳೆಯನ್ನೂ ತೆಗೆಯುತ್ತದೆ, ಗಾಳಿಯನ್ನೂ ಬೆರೆಸುತ್ತದೆ. ಬಿಸಿ ಉಳಿಯಲು ಗಾಜಿನ ಮುಚ್ಚಳ ಒಳ್ಳೆಯದು, ಹಿಂಬದಿ ಎರಡು ಇಂಚು ತೆರೆದಿರಲಿ.

ಮಳೆಗಾಲದಲ್ಲಿ ಕಿಟಕಿ ಮುಚ್ಚಿಯೇ ಇರುತ್ತೇವೆ. ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಏರಿ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿದರೆ ಗಾಬರಿಯಾಗಿ ಪಿಎಚ್ ಏರಿಸುವ ಬಫರ್ ಪುಡಿ ಸುರಿಯಬೇಡಿ. ಕ್ಷಾರತೆ 7–9 ಡಿಕೆಎಚ್ (ಕ್ಷಾರತೆಯ ಅಳತೆಮಾನ) ಇದ್ದರೆ ಮೀನಿಗೆ ಏನೂ ಆಗುವುದಿಲ್ಲ. ದಿನಕ್ಕೊಂದು ಹೊತ್ತು ಕಿಟಕಿ ತೆರೆಯಿರಿ, ಪಿಎಚ್ ತಾನೇ ಮೇಲೇರುತ್ತದೆ.

ಕಲ್ಲು ಜೋಡಿಸುವುದು

ಹವಳದ ಬಂಡೆ ಬೇಡ. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಚ್ಛೇದದಲ್ಲಿವೆ. ಕಿತ್ತು ತರುವುದು, ಮಾರುವುದು ಅಪರಾಧ. ಯಾರಾದರೂ ಗುಟ್ಟಾಗಿ ಕೊಡುತ್ತೇನೆಂದರೂ ಬೇಡವೆನ್ನಿ. ಸೆರಾಮಿಕ್ ಅಥವಾ ಕೃತಕ ಒಣ ಕಲ್ಲು 15–18 ಕಿಲೋ ಸಾಕು. ಕಾವೇರಿ, ಹಾರಂಗಿಯ ಹೊಳೆಗಲ್ಲು ಕೂಡ ಕೂರುತ್ತದೆ, ಆದರೆ ತೂತುಗಳಿಲ್ಲದ ನುಣ್ಣನೆ ಕಲ್ಲಿನಲ್ಲಿ ಬ್ಯಾಕ್ಟೀರಿಯಾಕ್ಕೆ ಜಾಗ ಕಡಿಮೆ.

ಕಲ್ಲನ್ನು ಮೊದಲು ಗಾಜಿನ ಮೇಲೆ ನೇರ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಡ್ಯಾಮ್ಸೆಲ್ ಕಲ್ಲಿನಡಿ ಬಾಯಿಂದ, ಬಾಲದಿಂದ ಮರಳು ತೋಡುತ್ತದೆ. ಮರಳಿನ ಮೇಲೆ ನಿಂತ ಕಲ್ಲು ಒಂದು ರಾತ್ರಿ ಜಾರಿ ಗಾಜಿಗೆ ಬಡಿದರೆ ಮುಗಿಯಿತು. ಒಂದೇ ಗುಡ್ಡ ಮಾಡದೆ ಎರಡು ಗುಡ್ಡ ಮಾಡಿ, ನಡುವೆ ಒಂದು ಅಡಿ ಬಯಲು ಬಿಡಿ. ಒಂದು ಗುಡ್ಡದ ಯಜಮಾನನಿಗೆ ಇನ್ನೊಂದು ಕಾಣದಿದ್ದರೆ ಜಗಳ ಅರ್ಧ ಕಡಿಮೆ. ಮೀನಿನ ಎಣಿಕೆಗಿಂತ ಎರಡು ಬಿಲವಾದರೂ ಹೆಚ್ಚಿರಲಿ. ಅರಗೊನೈಟ್ (ಸುಣ್ಣದಂಶದ) ಮರಳು ಎರಡು ಸೆಂಟಿಮೀಟರ್ ದಪ್ಪ ಸಾಕು. ಬೆಳಕಿಗೆ ಸಾದಾ ಎಲ್‌ಇಡಿ, ದಿನಕ್ಕೆ 8 ಗಂಟೆ.

ಮೀನಿಲ್ಲದ ಸೈಕಲ್

ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯೂರುವುದೇ ಸೈಕಲ್. ಹಿಂದೆ ಡ್ಯಾಮ್ಸೆಲ್ಲನ್ನೇ ಬಿಟ್ಟು ಟ್ಯಾಂಕ್ ಪಳಗಿಸುತ್ತಿದ್ದರು. ಅಮೋನಿಯಾದಲ್ಲಿ ಕಿವಿರು ಸುಟ್ಟುಕೊಂಡರೂ ಅದು ಉಳಿಯುತ್ತಿತ್ತು, ಆಮೇಲೆ ಇಡೀ ಟ್ಯಾಂಕ್ ತನ್ನದೆಂದು ಕೂರುತ್ತಿತ್ತು. ಕ್ರೌರ್ಯದ ಮಾತು ಬದಿಗಿರಲಿ, ಜಗಳಗಂಟನನ್ನು ಮನೆಗೆ ಮೊದಲು ಕರೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಅಮೋನಿಯಂ ಕ್ಲೋರೈಡ್ 1 ಗ್ರಾಂ ತೂಗಿ ಹಾಕಿದರೆ 155 ಲೀಟರ್ ನೀರಿನಲ್ಲಿ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಬರುತ್ತದೆ. ಪಾತ್ರೆಗೆ ಕಲಾಯಿ ಹಾಕುವ ನವಸಾಗರವೂ ಇದೇ ವಸ್ತುವಾದರೂ ಅದರಲ್ಲಿ ಬೆರಕೆ ಇರುತ್ತದೆ. ಲ್ಯಾಬ್ ದರ್ಜೆಯದೇ ತರಿಸಿ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಹೀಟರ್ ನಡೆಯುತ್ತಿರಲಿ. ನೀರು 18 ಡಿಗ್ರಿಯಲ್ಲಿದ್ದರೆ ಬ್ಯಾಕ್ಟೀರಿಯಾ ತೂಕಡಿಸುತ್ತದೆ, ಸೈಕಲ್ ಮುಗಿಯುವುದೇ ಇಲ್ಲ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣಿಸುತ್ತದೆ. ಇನ್ನೊಮ್ಮೆ 1 ಗ್ರಾಂ ಹಾಕಿ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಬಿಡುವ ಹಿಂದಿನ ದಿನ ಅರ್ಧದಷ್ಟು ನೀರು ಬದಲಿಸಿ.

ತರುವುದು, ಬೇರೆ ಇಡುವುದು

ಅಂಗಡಿಯಲ್ಲಿ ಮೀನಿಗೆ ತಿನ್ನಲು ಹಾಕಿಸಿ ನೋಡಿ. ತಿನ್ನದ್ದು, ಪಂಪಿನ ಬಾಯಿಗೆ ಮುಖವಿಟ್ಟು ನಿಂತದ್ದು, ಮೈಯನ್ನು ಕಲ್ಲಿಗೆ ಉಜ್ಜುವುದು, ಪಕ್ಕೆಯಲ್ಲಿ ಕೆಂಪು ಹುಣ್ಣಿರುವ ಕ್ರೋಮಿಸ್ ಯಾವುದೂ ಬೇಡ. ಆ ಕೆಂಪು ಹುಣ್ಣು ಯೂರೋನೀಮಾ ಎಂಬ ಪರಾವಲಂಬಿಯದು, ತಾಮ್ರದ ಔಷಧಕ್ಕೂ ಬಗ್ಗುವುದಿಲ್ಲ. ಆ ತೊಟ್ಟಿಯ ನೀರಿನ ಉಪ್ಪು ಎಷ್ಟೆಂದು ಅಲ್ಲೇ ಅಳೆದುಕೊಳ್ಳಿ. ಅನೇಕ ಅಂಗಡಿಗಳಲ್ಲಿ 1.020ರಷ್ಟೇ ಇರುತ್ತದೆ.

ಬೆಂಗಳೂರಿನಿಂದ ಬಸ್ಸಿನಲ್ಲಿ ಆರು ಗಂಟೆಯ ದಾರಿ. ಆಮ್ಲಜನಕ ತುಂಬಿದ ಚೀಲ, ಥರ್ಮಾಕೋಲ್ ಡಬ್ಬಿ, ಸುತ್ತ ಪೇಪರ್. ಚಳಿಗಾಲವಾದರೆ ಹಗಲಿನ ಬಸ್ಸೇ ಹಿಡಿಯಿರಿ.

ಅಷ್ಟು ಹೊತ್ತು ಕಟ್ಟಿಟ್ಟ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಹಾಗಾಗಿ ಸೇರಿದ ಅಮೋನಿಯಾ ಅಷ್ಟಾಗಿ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿ ಗಾಳಿಯಾಡಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಮೀನನ್ನು ಸುಡತೊಡಗುತ್ತದೆ. ಆದ್ದರಿಂದ ಹನಿಹನಿಯಾಗಿ ಗಂಟೆಗಟ್ಟಲೆ ನೀರು ಬೆರೆಸುವ ಪದ್ಧತಿ ದೂರದಿಂದ ಬಂದ ಮೀನಿಗೆ ಹೊಂದುವುದಿಲ್ಲ. ಕ್ವಾರಂಟೈನ್ ತೊಟ್ಟಿಯ ಉಪ್ಪನ್ನು ಮೊದಲೇ ಅಂಗಡಿಯ ಮಟ್ಟಕ್ಕೆ ತಂದಿಡಿ. ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಸಿ. ಬಿಚ್ಚಿದೊಡನೆ ಮೀನನ್ನು ಮಾತ್ರ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ಆಮೇಲೆ ದಿನಕ್ಕೆ ಸಾವಿರಕ್ಕೆ ಒಂದೆರಡು ಪಾಲಿನಂತೆ ಉಪ್ಪು ಏರಿಸಿ.

ಕ್ವಾರಂಟೈನ್‌ಗೆ 40 ಲೀಟರ್ ತೊಟ್ಟಿ, ಸ್ಪಾಂಜ್ ಫಿಲ್ಟರ್, 50 ವ್ಯಾಟಿನ ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು, ನಾಲ್ಕು ವಾರ. ಕೊಠಡಿ ತೀರಾ ತಣ್ಣಗಿದ್ದರೆ ಹೀಟರ್ 75 ವ್ಯಾಟಿನದಿರಲಿ. ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ ಕ್ರಿಪ್ಟೋಕ್ಯಾರಿಯಾನ್ ರೋಗದ್ದು. ನವಿರಾದ ಚಿನ್ನದ ಪುಡಿಯಂತೆ ಮೈಗೆ ಹತ್ತಿ ಉಸಿರು ಬಿರುಸಾದರೆ ಅಮೈಲೂಡಿನಿಯಂ. ಇದು ಎರಡು-ಮೂರು ದಿನದಲ್ಲೇ ಕೊಲ್ಲುತ್ತದೆ. ಎರಡಕ್ಕೂ ತಾಮ್ರದ ಔಷಧ, ಈ ತೊಟ್ಟಿಯಲ್ಲಿ ಮಾತ್ರ. ಬಾಟಲಿಯಲ್ಲಿ ಹೇಳಿದ ಮಟ್ಟವನ್ನು ತಾಮ್ರದ ಟೆಸ್ಟ್ ಕಿಟ್‌ನಿಂದ ದಿನವೂ ನೋಡಿ. ಕಡಿಮೆಯಾದರೆ ಪರಾವಲಂಬಿ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ರೋಗ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಎಲ್ಲ ಮೀನು ಹೊರತೆಗೆದು ಅದನ್ನು ಎರಡೂವರೆ ತಿಂಗಳು ಮೀನಿಲ್ಲದೆ ನಡೆಸಬೇಕು.

ಬಿಡುವ ಸರದಿ, ಜಗಳ

ಸಾಧು ಮೀನುಗಳು ಮೊದಲು, ಡ್ಯಾಮ್ಸೆಲ್ ಕಟ್ಟಕಡೆಗೆ. ಸಂಜೆ ದೀಪ ಆರಿಸಿ ಬಿಡಿ. ಈಗಾಗಲೇ ಡ್ಯಾಮ್ಸೆಲ್ ಇರುವ ಟ್ಯಾಂಕಿಗೆ ಹೊಸಬರನ್ನು ಸೇರಿಸುವಾಗ ತೂತಿನ ಪಾರದರ್ಶಕ ಡಬ್ಬಿಯಲ್ಲಿ ಮೂರು-ನಾಲ್ಕು ದಿನ ಒಳಗೇ ತೂಗುಹಾಕಿ, ಹಳಬನ ಸಿಟ್ಟು ಇಳಿದ ಮೇಲೆ ಬಿಡಿ. ಬಿಡುವ ದಿನ ಒಂದೆರಡು ಕಲ್ಲಿನ ಜಾಗ ಬದಲಿಸಿದರೆ ಎಲ್ಲರೂ ಹೊಸದಾಗಿ ಮನೆ ಹುಡುಕಬೇಕಾಗುತ್ತದೆ.

ಅಟ್ಟಿಸುವುದು ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ರೆಕ್ಕೆ ಹರಿದದ್ದು, ಮೂಲೆಯಲ್ಲಿ ನೀರಿನ ಮೇಲ್ಭಾಗದಲ್ಲೇ ನಿಂತು ಊಟಕ್ಕೂ ಬಾರದ್ದು ಕಂಡರೆ ಅದೇ ದಿನ ಕಚ್ಚುವವನನ್ನು ಹಿಡಿದು ಬೇರೆ ಮಾಡಿ. ಕಲ್ಲಿನ ನಡುವೆ ಬಲೆ ಹಿಡಿದು ಓಡಿಸಿದರೆ ಸಿಗುವುದಿಲ್ಲ. ಬಾಟಲಿ ಬೋನಿನಲ್ಲಿ ಊಟವಿಟ್ಟು ಕಾಯಿರಿ. ಮೊಟ್ಟೆಯಿಟ್ಟ ಕಲ್ಲನ್ನು ಗಂಡು ಕಾಯುತ್ತದೆ. ಆ ದಿನಗಳಲ್ಲಿ ಟ್ಯಾಂಕಿಗೆ ಹಾಕಿದ ನಿಮ್ಮ ಕೈಗೂ ಕಚ್ಚುತ್ತದೆ, ನೋವೇನೂ ಇಲ್ಲ.

ಊಟ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಸಣ್ಣ ಪೆಲೆಟ್ ಮುಖ್ಯ, ನಡುನಡುವೆ ಸ್ಪಿರುಲಿನಾ ಫ್ಲೇಕ್, ವಾರಕ್ಕೆರಡು ಸಲ ಮೈಸಿಸ್ ಅಥವಾ ಆರ್ಟೀಮಿಯಾ (ಸಿಗಡಿಯಂತಹ ಸಣ್ಣ ಜೀವಿಗಳು). ಸಂತೆಯಿಂದ ತಂದ ಸಮುದ್ರದ ಸಿಗಡಿಯ ಸಿಪ್ಪೆ ಸುಲಿದು, ಉಪ್ಪು-ಅರಿಸಿನ ಸೋಕಿಸುವ ಮೊದಲೇ ಒಂದೆರಡು ಎತ್ತಿಟ್ಟು ಸಣ್ಣಗೆ ಕೊಚ್ಚಿ ಹಾಕಬಹುದು. ಹಸಿದ ಡ್ಯಾಮ್ಸೆಲ್ ಹೆಚ್ಚು ಜಗಳವಾಡುತ್ತದೆ, ಹಾಗೆಂದು ಸುರಿದರೆ ನೈಟ್ರೇಟ್ ಏರುತ್ತದೆ. ಪೆಲೆಟ್ ಡಬ್ಬಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಚಿಕ್ಕ ಬಾಟಲಿಗೆ ಸಿಲಿಕಾ ಜೆಲ್ ಜೊತೆ ಹಾಕಿ, ಉಳಿದದ್ದು ಫ್ರಿಜ್ಜಿನಲ್ಲಿಡಿ. ಕರೆಂಟ್ ಹೋಗಿ ಕರಗಿದ ಫ್ರೋಜನ್ ಊಟ ಮತ್ತೆ ಗಟ್ಟಿಯಾದರೂ ಬಳಸಬೇಡಿ.

ಕರೆಂಟ್ ಹೋದಾಗ

ಜುಲೈ-ಆಗಸ್ಟಿನಲ್ಲಿ ಲೈನ್ ಮೇಲೆ ಮರ ಬಿದ್ದರೆ ಒಂದು ದಿನ, ಎರಡು ದಿನ ಕರೆಂಟಿಲ್ಲದಿರುವುದು ಹೊಸದಲ್ಲ. ಮೀನು ಮೊದಲು ಸಾಯುವುದು ಚಳಿಯಿಂದಲ್ಲ, ಗಾಳಿಯಿಲ್ಲದೆ.

150 ಆಂಪಿಯರ್-ಅವರ್ ಬ್ಯಾಟರಿಯ ಮನೆ ಇನ್ವರ್ಟರಿಗೆ 10 ವ್ಯಾಟಿನ ಡಿಸಿ ವೇವ್‌ಮೇಕರ್ ಒಂದನ್ನೇ ಕೊಟ್ಟರೆ, ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೂ ಸುಮಾರು ಒಂದು ದಿನ ನಡೆಯುತ್ತದೆ. ಅದೇ ಬ್ಯಾಟರಿಗೆ 150 ವ್ಯಾಟ್ ಹೀಟರ್ ಹಾಕಿದರೆ ಐದಾರು ಗಂಟೆಗೆ ಖಾಲಿ. ಆದ್ದರಿಂದ ಹೀಟರನ್ನು ಇನ್ವರ್ಟರ್ ಲೈನಿನಿಂದ ಬೇರ್ಪಡಿಸಿ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್‌ಪಂಪ್ ಎರಡು, ಸೆಲ್ಲುಗಳ ದಾಸ್ತಾನು ಸಮೇತ, ಮೇ ತಿಂಗಳಲ್ಲೇ ತೆಗೆದಿಡಿ.

ಹೀಟರ್ ನಿಂತ ಟ್ಯಾಂಕ್ ತಣ್ಣನೆ ಕೋಣೆಯಲ್ಲಿ ಗಂಟೆಗೆ ಅರ್ಧ ಡಿಗ್ರಿಯಂತೆ ಇಳಿಯುತ್ತದೆ. ಮೂರು ಬದಿಗೂ ಮುಚ್ಚಳಕ್ಕೂ ಕಂಬಳಿ ಸುತ್ತಿದರೆ ಇಳಿತ ಅರ್ಧಕ್ಕೆ ಬರುತ್ತದೆ. ಸೌದೆ ಒಲೆಯ ಹಂಡೆಗೆ ಕರೆಂಟಿನ ಹಂಗಿಲ್ಲ: ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ 60 ಡಿಗ್ರಿಯ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಹೊರಗೆ ತೊಳೆದು ಟ್ಯಾಂಕಿನಲ್ಲಿ ತೇಲಿಬಿಡಿ. ಒಂದು ಕ್ಯಾನ್ ಸುಮಾರು ಒಂದು ಡಿಗ್ರಿ ಏರಿಸುತ್ತದೆ. ಮುಂಚೆ ಐದು ಲೀಟರ್ ನೀರು ಹೊರತೆಗೆಯದಿದ್ದರೆ ನೆಲಕ್ಕೆ ಉಕ್ಕುತ್ತದೆ. 22 ಡಿಗ್ರಿಯನ್ನು ಡ್ಯಾಮ್ಸೆಲ್ ಒಂದೆರಡು ದಿನ ತಡೆಯುತ್ತದೆ, ಹಾಗಾಗಿ ಅವಸರಪಟ್ಟು ಒಮ್ಮೆಗೇ ಮೂರು-ನಾಲ್ಕು ಡಿಗ್ರಿ ಏರಿಸಬೇಡಿ. ಆ ಹೊತ್ತಿನಲ್ಲಿ ಊಟವನ್ನೂ ನಿಲ್ಲಿಸಿ.

ವಾರದ ಕೆಲಸ

ವಾರಕ್ಕೆ 15 ಲೀಟರ್, ಇಲ್ಲವೇ ಹದಿನೈದು ದಿನಕ್ಕೆ 30 ಲೀಟರ್ ನೀರು ಬದಲಿಸಿ. ಹೊಸ ನೀರಿನ ಉಪ್ಪು, ಬಿಸಿ ಎರಡೂ ಟ್ಯಾಂಕಿನದಕ್ಕೆ ಸರಿಹೊಂದಿರಲಿ. ನೈಟ್ರೇಟ್ ಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಊಟ ಕಡಿಮೆ ಮಾಡಿ, ನೀರು ಹೆಚ್ಚು ಬದಲಿಸಿ. ಆವಿಯಾದದ್ದಕ್ಕೆ ಸಿಹಿನೀರು, ಅಂದರೆ ಡಿಐ ನೀರು ಮಾತ್ರ, ಉಪ್ಪು ಆವಿಯಾಗುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಒಣಗಾಳಿಗೆ ಬೇಗ ಇಳಿಯುತ್ತದೆ, ಮಳೆಗಾಲದಲ್ಲಿ ಅಷ್ಟಾಗಿ ಇಳಿಯುವುದೇ ಇಲ್ಲ. ಹಾಗಾಗಿ ದಿನಕ್ಕಿಷ್ಟು ಎಂದು ಲೆಕ್ಕ ಹಿಡಿಯದೆ ಗಾಜಿನ ಮೇಲೆ ಗೆರೆ ಎಳೆದು ಅದರವರೆಗೆ ತುಂಬಿಸಿ.

ತೆಗೆದ ಹಳೆ ನೀರನ್ನು ಕಾಫಿ ಬುಡಕ್ಕೆ, ಮೆಣಸಿನ ಬಳ್ಳಿಗೆ, ಗೊಬ್ಬರದ ಗುಂಡಿಗೆ ಹಾಕಬೇಡಿ. 30 ಲೀಟರಿನಲ್ಲಿ ಒಂದು ಕಿಲೋಗಿಂತ ಹೆಚ್ಚು ಉಪ್ಪಿದೆ. ಬಾವಿಯಿಂದ ದೂರದ ಬಚ್ಚಲ ಮೋರಿಗೆ ಸುರಿದು, ಮೇಲೆ ಎರಡು ಬಕೆಟ್ ಸಿಹಿನೀರು ಹೊಯ್ಯಿರಿ.